ಬೇಸ್‌ಬಾಲ್ ಸೀಸನ್ ಮುಗಿದ ಮೇಲೆ ಅಭಿಮಾನಿಗಳು ಪ್ರತಿ ವರ್ಷ "ನಮಗೆ ಇನ್ನೊಬ್ಬ ಪಿಚರ್ ಬೇಕು" ಅಂತ ಯಾಕೆ ವಾದಿಸುತ್ತಾರೆ?
ಯಾಕೆಂದರೆ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಎಷ್ಟು ಜನ ಇದ್ದರೂ ಸಾಲುವುದಿಲ್ಲ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಸುಮಾರು ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಹೆಚ್ಚುಕಡಿಮೆ ದಿನಾ ಆಟ. ಬ್ಯಾಟ್ ಮಾಡುವವರು ದಿನಾ ಇಳಿಯಬಹುದು. ಆದರೆ ಪಂದ್ಯ ಶುರು ಮಾಡುವ ಪಿಚರ್ ಒಮ್ಮೆ ಎಸೆದರೆ ಕೈಗೆ ನಾಲ್ಕೈದು ದಿನ ವಿಶ್ರಾಂತಿ ಬೇಕು. ಹಾಗಾಗಿ ಅಂಥವರು ಐದು ಜನ ಬೇಕೇ ಬೇಕು. ಇದರ ಮೇಲೆ ಮೊಣಕೈ, ಭುಜದ ಗಾಯಗಳು ಬೇರೆ ಜಾಸ್ತಿ. ಮೊಣಕೈ ಎಲುಬುಗಳನ್ನು ಹಿಡಿದಿಡುವ ಕಟ್ಟು ಹರಿದು ಶಸ್ತ್ರಚಿಕಿತ್ಸೆ ಆದರೆ, ಮತ್ತೆ ಎಸೆಯಲು ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕು.

2024ರ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡವನ್ನೇ ನೋಡಿ. ಚೆಂಡು ಎಸೆಯುವುದು, ಬ್ಯಾಟ್ ಮಾಡುವುದು ಎರಡನ್ನೂ ಮಾಡುವ ತಾರೆ ಶೋಹೆ ಓಹ್ಟಾನಿ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಇಡೀ ವರ್ಷ ಬ್ಯಾಟ್ ಮಾತ್ರ ಬೀಸಿದರು. ಪ್ಲೇಆಫ್ ಹೊತ್ತಿಗೆ ನೆಚ್ಚಿಕೊಳ್ಳಲು ಉಳಿದ ಆರಂಭಿಕ ಪಿಚರ್‌ಗಳು ಮೂರೇ ಜನ. ಕೆಲವು ಪಂದ್ಯಗಳನ್ನು ಬದಲಿ ಪಿಚರ್‌ಗಳೇ ಹಂಚಿಕೊಂಡು ಎಸೆದು ದಾಟಿಸಿದರು. ಆದರೂ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದರು! ಗೆದ್ದ ಮೇಲೂ ಸುಮ್ನೆ ಕೂರಲಿಲ್ಲ. ಬ್ಲೇಕ್ ಸ್ನೆಲ್ ಎಂಬ ಪಿಚರ್‌ಗೆ 5 ವರ್ಷಕ್ಕೆ 18.2 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಚಾಂಪಿಯನ್ನರ ಕಥೆಯೇ ಹೀಗಿದ್ದರೆ, ಉಳಿದ ತಂಡಗಳ ಅಭಿಮಾನಿಗಳಿಗೆ ಆತಂಕ ಆಗುವುದು ಸಹಜ ಅಲ್ವಾ?