ಲಗಾಮು ಜಗ್ಗಿ ಓಡುವ ಕುದುರೆಗೆ ಯಾವ ಕಡಿವಾಣ?

ಕಾರವಾರದ ಟಾಗೋರ್ ಬೀಚಿನಲ್ಲಿ ನಿಮ್ಮ ಕುದುರೆ ಲಗಾಮು ಜಗ್ಗಿ ಓಡುತ್ತದೆ, ಯಾವ ಕಡಿವಾಣ (ಬಾಯೊಳಗೆ ಇಡುವ ಲೋಹದ ಸರಳು) ಹಾಕಲಿ ಎಂದು ಕೇಳಿದ್ದೀರಿ. ಅದು ಓಡುವುದಕ್ಕೆ ಕಾರಣ ಬಹುಶಃ ಸೊಕ್ಕಲ್ಲ, ಬಾಯಿನೋವು. ಇನ್ನೂ ಗಡಸು ಕಡಿವಾಣ ಹಾಕಿದರೆ ಆ ನೋವಿಗೇ ಮತ್ತಷ್ಟು ಜಾಸ್ತಿ ಓಡುತ್ತದೆ. ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ. ದವಡೆ ಹಲ್ಲಿನ ಅಂಚು ಚೂಪಾಗಿದ್ದರೆ ಅವರೇ ಉಜ್ಜಿ ಕೊಡುತ್ತಾರೆ. ಆಮೇಲೆ ಅಳತೆ. ಕಡಿವಾಣ ಬಾಯಿಯ ಎರಡೂ ಬದಿ ಸುಮಾರು 5 ಮಿ.ಮೀ. ಹೊರಗಿರಬೇಕು, ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಸಾಕು.

ನಡುವೆ ಎರಡು ಕೀಲಿರುವ ನಯವಾದ ಸ್ನಾಫಲ್‌ನಿಂದ, ಅಂದರೆ ಲಗಾಮಿನ ಎಳೆತ ನೇರವಾಗಿ ಬಾಯಿಗೆ ತಾಕುವ ಸಾದಾ ಕಡಿವಾಣದಿಂದ, ಶುರುಮಾಡಿ. ಸ್ಟೇನ್‌ಲೆಸ್ ಸ್ಟೀಲಿನದೇ ತಗೊಳ್ಳಿ, ಕಡಲ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮುಳ್ಳಿನ ಕಡಿವಾಣ ಬೇಡವೇ ಬೇಡ. 1965ರ ಪ್ರಾಣಿಹಿಂಸೆ ತಡೆ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ.

ಕೆಲವು ದಿನ ಬೇಲಿಯೊಳಗೆ ನಡೆಸಿ, ನಿಲ್ಲಿಸಿ. ನಿಂತ ಕೂಡಲೇ ಲಗಾಮು ಸಡಿಲ ಬಿಡಿ. ಅಲ್ಲಿ ಮಾತು ಕೇಳಿದ ಮೇಲಷ್ಟೇ ಮರಳಿಗೆ ಇಳಿಸಿ.