ಅಮ್ಮ, ತಂಗಿ ಇಬ್ಬರೇ ಪರೀಕ್ಷೆಗೆ ಬೆಂಗಳೂರಿಗೆ ಹೋಗ್ತಿದ್ದಾರೆ. ಮೆಜೆಸ್ಟಿಕ್ ಹತ್ತಿರ ಸಾವಿರದೊಳಗೆ ಸೇಫ್ ಆಗಿರೋ ಹೋಟೆಲ್ ಯಾವುದು?

ಹಾಸನದಿಂದ ಶನಿವಾರ ರಾತ್ರಿ ಹನ್ನೆರಡರ ಬಸ್ಸು, ಭಾನುವಾರ ಬೆಳಿಗ್ಗೆ ಪರೀಕ್ಷೆ, ಮೆಜೆಸ್ಟಿಕ್ ಹತ್ತಿರ ಸಾವಿರದೊಳಗೆ ರೂಮು: ನಿಮ್ಮ ಪ್ಲಾನು ಇದು ತಾನೇ. 2019ರಲ್ಲಿ ಅಕ್ಕನ ಪರೀಕ್ಷೆಗೆ ನಾನು ಹಾಕಿದ್ದ ಪ್ಲಾನೂ ಇದೇ. ಆ್ಯಪಲ್ಲಿ ರೂಮ್ ಹುಡುಕಿದ್ದೂ ನಾನೇ, 900 ರೂಪಾಯಿ ಮುಂಚೆಯೇ ಕಟ್ಟಿದ್ದೂ ನಾನೇ, ಕೆಡಿಸಿದ್ದೂ ನಾನೇ.

ಅಮ್ಮ, ಅಕ್ಕ, ನಾನು ಮುಂಜಾನೆ ಮೂರೂಮುಕ್ಕಾಲಿಗೆ ಲಾಡ್ಜ್ ಮುಂದೆ ನಿಂತಾಗ ಶಟರ್ ಅರ್ಧ ಇಳಿದಿತ್ತು. ಬೆಂಚಿನ ಮೇಲೆ ಮಲಗಿದ್ದ ಹುಡುಗ ಎದ್ದು ಕಂಪ್ಯೂಟರ್ ನೋಡಿ, "ಬುಕಿಂಗ್ ಇದೆ ಸಾರ್, ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ" ಅಂದ. "ಇವತ್ತಿಗೇ ಅಲ್ವೇನಪ್ಪಾ ಬುಕ್ ಮಾಡಿರೋದು?" ಅಂದೆ. "ಹೌದು ಸಾರ್, ಇವತ್ತಿಗೇ. ಹನ್ನೆರಡಕ್ಕೆ." ಈಗಲೇ ಬೇಕಿದ್ದರೆ ಇನ್ನೊಂದು ದಿನದ ಬಾಡಿಗೆ ಕಟ್ಟಬೇಕಂತೆ. ಹುಡುಗನದ್ದೇನೂ ತಪ್ಪಿರಲಿಲ್ಲ. ಆಮೇಲೆ ಹಾಸನದ ಬಿ.ಎಂ. ರಸ್ತೆಯ ಲಾಡ್ಜೊಂದರ ರಿಸೆಪ್ಷನ್ನಲ್ಲಿ ಕೂತು ಐದು ವರ್ಷವಾಯ್ತು. ಅವತ್ತು ನಾನು ಮಾಡಿದ ತಪ್ಪನ್ನೇ ಹೊತ್ತುಕೊಂಡು ಬರೋರನ್ನ ಕೌಂಟರಿನ ಈಚೆ ಕಡೆಯಿಂದ ಈಗಲೂ ನೋಡ್ತಾ ಇರ್ತೀನಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ್ಯಪಲ್ಲಿ ನೀವು ಆರಿಸೋ ತಾರೀಖು ಹಗಲಿನ ಲೆಕ್ಕ ಅಲ್ಲ, ರಾತ್ರಿಯ ಲೆಕ್ಕ. ಭಾನುವಾರ ಅಂತ ಒತ್ತಿದರೆ ಭಾನುವಾರ ಮಧ್ಯಾಹ್ನ 12ರಿಂದ ಸೋಮವಾರ ಬೆಳಿಗ್ಗೆ 11ರ ತನಕದ ರೂಮು. ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆ ನಮಗೆ ಭಾನುವಾರ, ಲಾಡ್ಜಿನವರಿಗೆ ಅದಿನ್ನೂ ಶನಿವಾರ ರಾತ್ರಿ. ಆ ಹೊತ್ತಿಗೆ ರೂಮ್ ಬೇಕಿದ್ದರೆ ಚೆಕ್-ಇನ್ ಶನಿವಾರ, ಚೆಕ್-ಔಟ್ ಭಾನುವಾರ ಅಂತ ಹಾಕಬೇಕು.

ಅಷ್ಟಕ್ಕೇ ಮುಗಿಯಲ್ಲ. ಶನಿವಾರದ ಬುಕಿಂಗ್ ಇಟ್ಟುಕೊಂಡು ರಾತ್ರಿ ಹನ್ನೆರಡಾದರೂ ನೀವು ಬರದಿದ್ದರೆ ಆ ದಿನದ ಲೆಕ್ಕ ಮುಗಿಸ್ತೀವಿ. ನೈಟ್ ಆಡಿಟ್ ಅಂತೀವಿ, ಹನ್ನೆರಡರಿಂದ ಮೂರರೊಳಗೆ ಮಾಡೋದು. ಆಗ ಬರದೇ ಇರೋರ ಹೆಸರಿನ ಮುಂದೆ 'ನೋ ಶೋ' ಅಂತ ಬೀಳುತ್ತೆ. ರಶ್ ಇದ್ದರೆ ರೂಮ್ ಬೇರೆಯವರಿಗೆ ಹೋಗಿರುತ್ತೆ, ಮುಂಚೆ ಕಟ್ಟಿದ ದುಡ್ಡು ವಾಪಸ್ ಬರಲ್ಲ. ಹಾಗಾಗಿ ಬುಕ್ ಮಾಡಿದ ದಿನವೇ ಫೋನ್ ಮಾಡಿ "ಬೆಳಗಿನ ಜಾವ ನಾಲ್ಕಕ್ಕೆ ಬರ್ತೀವಿ, ರೂಮ್ ಹಿಡಿದಿಡಿ" ಅಂತ ಹೇಳಿ, ಫೋನ್ ಎತ್ತಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಭಾನುವಾರ 11ಕ್ಕೆ ಖಾಲಿ ಮಾಡಬೇಕು. ಅಷ್ಟೊತ್ತಿಗೆ ನಿಮ್ಮ ತಂಗಿ ಪರೀಕ್ಷೆ ಹಾಲಲ್ಲಿ ಇರ್ತಾಳೆ. ಬ್ಯಾಗು ಹೊತ್ತುಕೊಂಡು ಮೆಟ್ಟಿಲಿಳಿಯೋದು ನಿಮ್ಮಮ್ಮ.

24 ಗಂಟೆ ಲೆಕ್ಕದ ಲಾಡ್ಜುಗಳೂ ಇವೆ. ರಿಜಿಸ್ಟರಲ್ಲಿ ಸಹಿ ಹಾಕಿದ ಗಂಟೆಯಿಂದ ಮಾರನೇ ದಿನ ಅದೇ ಗಂಟೆಯ ತನಕ ಒಂದು ದಿನ. ರಾತ್ರಿ ಬಸ್ಸಿನವರಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಆ ಲೆಕ್ಕ ಕೌಂಟರಿನಲ್ಲಿ ನೇರವಾಗಿ ತಗೊಂಡವರಿಗೆ. ಅದೇ ಲಾಡ್ಜನ್ನ ಆ್ಯಪಲ್ಲಿ ಬುಕ್ ಮಾಡಿದರೆ ಸಾಮಾನ್ಯವಾಗಿ ಆ್ಯಪಲ್ಲಿ ಬರೆದಿರೋ ಟೈಮೇ ಅನ್ವಯ. ಗೋಡೆ ಮೇಲಿನ '24 ಅವರ್ಸ್' ಬೋರ್ಡು ತೋರಿಸಿ ಜಗಳ ಆಡಿದರೆ ಪ್ರಯೋಜನ ಇಲ್ಲ.

ಅವತ್ತು ನಾವು ಇನ್ನೊಂದು ದಿನದ ಬಾಡಿಗೆ ಕಟ್ಟಲಿಲ್ಲ, ನಾನು ಹಟ ಮಾಡಿದೆ. ಹೊರಗೆ ಬರ್ತಿದ್ದ ಹಾಗೇ ಒಬ್ಬ ಬ್ರೋಕರ್ "ಮೂರು ಗಂಟೆಗೆ 500, ಫ್ರೆಶ್ ಆಗಿ ಹೋಗಿ" ಅಂತ ಪಕ್ಕದ ಓಣಿಗೆ ಕರ್ಕೊಂಡು ಹೋದ. ಆ ರೂಮಿನ ಒಳಗಡೆ ಚಿಲಕ ಒಂದೇ ಒಂದು ಸ್ಕ್ರೂ ಮೇಲೆ ನೇತಾಡ್ತಿತ್ತು. ಮುಟ್ಟಿದರೆ ಗಡಿಯಾರದ ಮುಳ್ಳಿನ ಹಾಗೆ ತಿರುಗೋದು. ಅಮ್ಮ ಮಾತಾಡದೆ ಕುರ್ಚಿ ಎಳೆದು ಬಾಗಿಲಿಗೆ ಒತ್ತರಿಸಿ ಅದರ ಮೇಲೇ ಕೂತರು. ಅಕ್ಕ ಅರ್ಧ ಗಂಟೆಯೂ ನಿದ್ದೆ ಮಾಡಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಲಾಡ್ಜಿನ ಹೆಸರು ಹೇಳಲ್ಲ. ಎಷ್ಟೋ ಲಾಡ್ಜುಗಳು ಲೀಸಿನ ಮೇಲೆ ನಡೀತವೆ. ಬೋರ್ಡು ಅದೇ ಇರುತ್ತೆ, ನಡೆಸೋರು ಬದಲಾಗಿರ್ತಾರೆ. ಎರಡು ವರ್ಷದ ಹಿಂದೆ ಚೆನ್ನಾಗಿತ್ತು ಅಂತ ಹೇಳಿದ್ದನ್ನ ನಂಬಿ ಹೋದೋರು ಬೈಕೊಂಡು ಬರ್ತಾರೆ. ಇನ್ನೊಂದು: ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ ತಿನ್ನೋ ಜಾಗ. ಮ್ಯಾಪಲ್ಲಿ 'ಲಾಡ್ಜ್', 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅಂತಲೂ ಹುಡುಕಿ. ಆ್ಯಪುಗಳಲ್ಲಿ ಇಲ್ಲದ, ಸಂಸಾರಸ್ಥರು ಉಳಿಯೋ ಹಳೇ ಜಾಗಗಳು ಆಗ ಕಾಣ್ತವೆ.

ಮೆಜೆಸ್ಟಿಕ್ಕೇ ಬೇಕು ಅನ್ನೋ ಹಟ ಯಾಕೆ? ಬಸ್ಸು ಅಲ್ಲಿಗೆ ಹೋಗುತ್ತೆ ಅಂತ ತಾನೇ? ನಮ್ಮ ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲೇ ಊರೊಳಗೆ ಹೋಗೋದು. ಆ ರಸ್ತೆ ಉದ್ದಕ್ಕೂ ಹಸಿರು ಮೆಟ್ರೋ ಇದೆ. 2024ರ ನವೆಂಬರಿನಿಂದ ಅದು ಮಾದಾವರದ ತನಕ ಬಂದಿದೆ. ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ಎಲ್ಲವೂ ಮೆಜೆಸ್ಟಿಕ್‌ಗಿಂತ ಮುಂಚೆಯೇ ಸಿಗ್ತವೆ. ಕಂಡಕ್ಟರನ್ನ ಕೇಳಿ ಬಸ್ಸು ನಿಲ್ಲೋ ಕಡೆ ಇಳಿದು ಮೆಟ್ರೋ ಹತ್ತಿದರೆ ಮಲ್ಲೇಶ್ವರದ ಸಂಪಿಗೆ ರಸ್ತೆ, ಲಾಲ್‌ಬಾಗ್, ಜಯನಗರ, ಬನಶಂಕರಿ ಎಲ್ಲ ಒಂದೇ ಲೈನು. ಆದ್ದರಿಂದ ಹಾಲ್ ಟಿಕೆಟ್ ಬರೋ ತನಕ ರೂಮ್ ಬುಕ್ ಮಾಡಲೇಬೇಡಿ. ಕೇಂದ್ರ ಗೊತ್ತಾದ ಮೇಲೆ ಅದರಿಂದ ನಡೆದು ಹೋಗೋಷ್ಟು ದೂರದಲ್ಲಿ ಹುಡುಕಿ. ಭಾನುವಾರ ಮೆಟ್ರೋ ಶುರುವಾಗೋದೇ 7ಕ್ಕೆ, ಇದು ತುಂಬ ಜನಕ್ಕೆ ಗೊತ್ತಿರಲ್ಲ. ಮೆಜೆಸ್ಟಿಕ್‌ನಲ್ಲಿ ಉಳಿದು ಎಂಟಕ್ಕೆಲ್ಲ ಊರಿನ ಆ ತುದಿ ಮುಟ್ಟಬೇಕು ಅಂದರೆ ಆಟೋನೇ ಗತಿ.

ಇನ್ನು ರಾತ್ರಿ ಬಸ್ಸು. ಇದು ಬೇಡ, ಖಂಡಿತ ಬೇಡ. ರಾತ್ರಿ ಬಸ್ಸಲ್ಲಿ ಹೋಗೋದು ಒಂದು ರಾತ್ರಿ ಬಾಡಿಗೆ ಉಳಿಸೋದಕ್ಕೆ. ನೀವು ಅದನ್ನೂ ಮಾಡಿ ರೂಮಿಗೂ ದುಡ್ಡು ಕೊಡ್ತಿದ್ದೀರಿ. ಶನಿವಾರ ಊಟ ಮುಗಿಸಿಕೊಂಡು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಸ್ಸು ಹತ್ತಲಿ. 185 ಕಿಲೋಮೀಟರು, ನಾಲ್ಕು ಗಂಟೆ, ಟ್ರಾಫಿಕ್ ಇದ್ದರೆ ಐದು. ಬೆಳಕಿರುವಾಗಲೇ ಇಳೀತಾರೆ, ಬೆಳಕಿರುವಾಗಲೇ ರೂಮ್ ನೋಡ್ತಾರೆ, ಇಷ್ಟ ಆಗದಿದ್ದರೆ ಇನ್ನೊಂದು ಹುಡುಕೋಕೆ ಹೊತ್ತಿರುತ್ತೆ. ಬಾಡಿಗೆಯೂ ಒಂದೇ ರಾತ್ರಿಯದ್ದು. ಬೆಳಿಗ್ಗೆ ಏಳಕ್ಕೆ ಖಾಲಿ ಮಾಡಿ ಬ್ಯಾಗನ್ನ ರಿಸೆಪ್ಷನ್ನಲ್ಲಿ ಇಟ್ಟು ಹೋಗಬಹುದು, ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ರಾತ್ರಿ 10ರಿಂದ ಬೆಳಗಿನ 5ರ ತನಕ ಆಟೋ ಮೀಟರಿಗೆ ಒಂದೂವರೆ ಪಟ್ಟು, ಅದೂ ತಪ್ಪುತ್ತೆ. ಮೀಟರ್ ಹಾಕಿದರೆ ಅನ್ನಿ.

ಸಾವಿರದ ಲೆಕ್ಕಕ್ಕೆ ಬರೋಣ. 2019ರಲ್ಲಿ ದಿನಕ್ಕೆ ಸಾವಿರದೊಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ 12 ಪರ್ಸೆಂಟ್ ಬಂತು, 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿ ತನಕದ ರೂಮಿಗೆ 5 ಪರ್ಸೆಂಟ್ ಆಗಿದೆ. ಅಂದರೆ 1000ದ ರೂಮು 1050. ಈಗಲೂ 12 ಸೇರಿಸಿ ಬಿಲ್ ಹೇಳಿದರೆ ಜಿಎಸ್‌ಟಿ ನಂಬರ್ ಇರೋ ಬಿಲ್ ಕೊಡಿ ಅಂತ ಕೇಳಿ. ನಂಬರ್ರೇ ಇಲ್ಲದ ಸಣ್ಣ ಲಾಡ್ಜು ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ತಗೊಳ್ಳೋ ಹಾಗಿಲ್ಲ. ಆದರೆ ಇಬ್ಬರು ಹೆಂಗಸರಿಗೆ, ಪರೀಕ್ಷೆಯ ಹಿಂದಿನ ರಾತ್ರಿಗೆ, ಸಾವಿರಕ್ಕೇ ಜೋತು ಬೀಳಬೇಡಿ. ಶಕ್ತಿ ಯೋಜನೆಯಲ್ಲಿ ಅಮ್ಮ, ತಂಗಿ ಇಬ್ಬರಿಗೂ ಕೆಂಪು ಬಸ್ಸು ಫ್ರೀ, ರಾಜಹಂಸ, ಐರಾವತ ಹತ್ತದಿದ್ದರೆ ಸರಿ. ಅಲ್ಲಿ ಉಳಿದ ದುಡ್ಡನ್ನ ರೂಮಿಗೆ ಹಾಕಿ 1500ರ ತನಕ ನೋಡಿ. ಎಸಿ ಬೇಡ, ಟಿವಿ ಬೇಡ. ಆ ದುಡ್ಡಿಗೆ ಹೊರಗಡೆಗೆ ತೆರೆಯೋ ಕಿಟಕಿ, ಗಟ್ಟಿ ಬಾಗಿಲು ಕೇಳಿ. ಕಡಿಮೆ ಬಾಡಿಗೆಯ ಎಷ್ಟೋ ರೂಮುಗಳ ಕಿಟಕಿ ಡಕ್ಟಿಗೆ ತೆರೆಯುತ್ತೆ, ಅಂದರೆ ಪೈಪುಗಳು ಇಳಿಯೋ ಕತ್ತಲೆ ಸಂದಿಗೆ. ಗಾಳಿಯೂ ಬರಲ್ಲ, ಬೆಂಕಿ ಬಿದ್ದರೆ ಹೊಗೆ ಹೋಗೋಕೆ ದಾರಿಯೂ ಇಲ್ಲ. ಮೊದಲನೇ ಅಥವಾ ಎರಡನೇ ಮಹಡಿ ಸಾಕು. ಲಿಫ್ಟ್ ಇಲ್ಲದಿದ್ದರೆ ಅಮ್ಮನ ಮಂಡಿಗೂ ಅದೇ ಒಳ್ಳೇದು.

ಫೋನ್ ಮಾಡೋದಾದರೆ ಹಗಲು ಮಾಡಬೇಡಿ, ರಾತ್ರಿ ಹತ್ತೂವರೆ ಮೇಲೆ ಮಾಡಿ. ಎತ್ತೋರು ಯಾರು, ಹೇಗೆ ಮಾತಾಡ್ತಾರೆ ಅಂತ ಆಗ ಗೊತ್ತಾಗುತ್ತೆ. ಅವರೇ ಅಲ್ವಾ ಆ ರಾತ್ರಿ ಅಲ್ಲಿ ಇರೋದು. ಯಾರೂ ಎತ್ತದಿದ್ದರೆ ಆ ಲಾಡ್ಜ್ ಬಿಟ್ಟುಬಿಡಿ. 24 ಗಂಟೆನಾ, 12-11 ಆ? ಟ್ಯಾಕ್ಸ್ ಸೇರಿ ಎಷ್ಟು? ಬಿಸಿನೀರು ಎಷ್ಟು ಗಂಟೆಗೆ? (ಸೋಲಾರ್ ಆದರೆ ಮೋಡ ಕವಿದ ದಿನ ಬಕೆಟ್ ಲೆಕ್ಕ.) ಹೆಂಗಸರಿಬ್ಬರೇ ಬರ್ತಾರೆ, ಫ್ಯಾಮಿಲಿಗಳಿರೋ ಮಹಡೀಲಿ ಕೊಡ್ತೀರಾ? ಕೊನೇ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅರ್ಧ ಕೆಲಸ ಆಯ್ತು. ಫೋನ್ ನಂಬರ್ ವಿಷಯದಲ್ಲಿ ಹುಷಾರು. ಮ್ಯಾಪಲ್ಲಿ ಸಿಕ್ಕ ನಂಬರಿಗೆ ಮಾಡಿದಾಗ "ಕ್ಯೂಆರ್ ಕಳಿಸ್ತೀನಿ, ಪೂರ್ತಿ ಅಡ್ವಾನ್ಸ್ ಹಾಕಿ" ಅಂದರೆ ಹಾಕಬೇಡಿ, ಲಾಡ್ಜಿನ ಹೆಸರಲ್ಲಿ ಮೋಸದ ನಂಬರುಗಳೂ ಓಡಾಡ್ತಿವೆ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ. ಆ್ಯಪಲ್ಲೇ ಬುಕ್ ಮಾಡೋದಾದರೆ 'ಪೇ ಅಟ್ ಹೋಟೆಲ್' ಇರೋದನ್ನೇ ಆರಿಸಿ, ಬುಕ್ ಆದ ಮೇಲೆ ಲಾಡ್ಜಿಗೂ ಒಂದು ಫೋನ್ ಹಾಕಿ. ಆ್ಯಪಲ್ಲಿ ರೂಮ್ ತೋರಿಸ್ತಿರುತ್ತೆ, ಇಲ್ಲಿ ಕೌಂಟರಲ್ಲಿ ಅದನ್ನ ಕೊಟ್ಟಾಗಿರುತ್ತೆ. ಮದುವೆ ಸೀಸನ್ನಲ್ಲಿ ನಮ್ಮಲ್ಲೇ ಹೀಗಾಗಿದೆ, ಸುಳ್ಳು ಯಾಕೆ ಹೇಳಲಿ. ರಿವ್ಯೂ ನೋಡುವಾಗ ಸ್ಟಾರ್ ಎಣಿಸಬೇಡಿ, 'ನ್ಯೂಯೆಸ್ಟ್' ಒತ್ತಿ ಮೂರು ತಿಂಗಳ ಈಚಿನದ್ದು ಓದಿ, ಗಿರಾಕಿಗಳು ಹಾಕಿರೋ ಬಾತ್ರೂಮ್ ಫೋಟೋ ನೋಡಿ.

ದುಡ್ಡು ಕೊಡೋಕೆ, ರಿಜಿಸ್ಟರ್ ಬರೆಯೋಕೆ ಮುಂಚೆ ರೂಮ್ ತೋರಿಸಿ ಅಂತ ಕೇಳಲಿ. ಐದು ನಿಮಿಷದ ಕೆಲಸ. ಮೊದಲು ಬಾಗಿಲು: ಬೀಗ ಅಲ್ಲ, ಒಳಗಿನ ಚಿಲಕ. ಬೀಗದ ಇನ್ನೊಂದು ಕೀ ನಮ್ಮ ಹತ್ತಿರ ಯಾವಾಗಲೂ ಇರುತ್ತೆ, ಒಳಗಿನ ಚಿಲಕ ಒಂದೇ ಪೂರ್ತಿ ನಿಮ್ಮ ಕೈಲಿರೋದು. ಹಾಕಿ, ಬಾಗಿಲನ್ನ ಜೋರಾಗಿ ಎಳೆದು ನೋಡಬೇಕು. ಚಿಲಕ ಕೂರೋ ತೂತು ಬಾಗಿಲ ಚೌಕಟ್ಟಿನಲ್ಲಿ ಸವೆದು ದೊಡ್ಡದಾಗಿದ್ದರೆ ನಾಲ್ಕು ಸ್ಕ್ರೂ ಇದ್ದೂ ಉಪಯೋಗ ಇಲ್ಲ. ಆಮೇಲೆ ಬಾತ್ರೂಮಿನ ವೆಂಟಿಲೇಟರ್: ಗಾಜಿನ ಪಟ್ಟಿಗಳು ಪೂರ್ತಿ ಇವೆಯಾ, ಅದು ಕಾರಿಡಾರಿಗೆ ತೆರೆಯುತ್ತಾ ಅಂತ. ಹಾಸಿಗೆಯ ಮೂಲೆ ಎತ್ತಿ ಹೊಲಿಗೆ ಸಾಲಲ್ಲಿ ಕರಿ ಚುಕ್ಕೆ ಇವೆಯಾ ನೋಡಬೇಕು, ಇದ್ದರೆ ತಿಗಣೆ. ಅಲ್ಲಿ ತನಕ ಬ್ಯಾಗನ್ನ ಮಂಚದ ಮೇಲೆ ಇಡೋದು ಬೇಡ. ಇಂಟರ್‌ಕಾಮ್ ಎತ್ತಿ ರಿಸೆಪ್ಷನ್ನಿಗೆ ಒಮ್ಮೆ ಮಾಡಲಿ. ಏನೇ ಸರಿಯಿಲ್ಲದಿದ್ದರೂ "ಬೇರೆ ರೂಮ್ ಕೊಡಿ" ಅಂದರೆ ಕೊಡ್ತೀವಿ. ಕೇಳೋರು ಕಮ್ಮಿ, ಅಷ್ಟೇ.

ಇಬ್ಬರದೂ ಐಡಿ ಬೇಕು. ಪ್ಯಾನ್ ಕಾರ್ಡಲ್ಲಿ ವಿಳಾಸ ಇಲ್ಲ, ಅದು ನಡೆಯಲ್ಲ. ಆಧಾರಿನ ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಪ್ರತಿ ಡೌನ್‌ಲೋಡ್ ಮಾಡಿ ಕಳಿಸಿ. ಜೆರಾಕ್ಸ್ ಮೇಲೆ ಅಡ್ಡಡ್ಡ 'ಲಾಡ್ಜ್ ವಾಸ್ತವ್ಯಕ್ಕೆ ಮಾತ್ರ' ಅಂತ ತಾರೀಖು ಸಮೇತ ಬರೆದುಕೊಡಲಿ. ಒರಿಜಿನಲ್ಲನ್ನ ಯಾರ ಹತ್ತಿರವೂ ಬಿಟ್ಟು ಬರೋದು ಬೇಡ, ಬಸ್ಸಿಗೂ ಅದೇ ಬೇಕು. ಯಾರಾದರೂ ಬಾಗಿಲು ತಟ್ಟಿದರೆ ತೆಗೆಯೋ ಮುಂಚೆ ರಿಸೆಪ್ಷನ್ನಿಗೆ ಫೋನ್ ಮಾಡಿ ಕೇಳಲಿ, ಎಡವಟ್ಟು ಅನ್ನಿಸಿದರೆ 112.

ಹಾಲ್ ಟಿಕೆಟ್ ಬಂದ ಮೇಲೆ ಕೇಂದ್ರ ಯಾವ ಏರಿಯಾ ಅಂತ ಇಲ್ಲೇ ಕೆಳಗೆ ಬರೆಯಿರಿ, ಯಾವ ಮೆಟ್ರೋ ಸ್ಟೇಷನ್ನಿನ ಸುತ್ತಮುತ್ತ ಹುಡುಕಬೇಕು ಅಂತ ಹೇಳ್ತೀನಿ. ಅಲ್ಲಿ ತನಕ ಆ್ಯಪಲ್ಲಿ ಏನೂ ಒತ್ತಬೇಡಿ.