ಮೂರು ಪರಮಾಣುಗಳ ಅಣುವಿನಲ್ಲಿ ಎರಡು ಶಕ್ತಿಮಟ್ಟಗಳು ಕೂಡುವುದು ಹೇಗೆ?

ಎರಡು ಪರಮಾಣುಗಳ ಅಣುವಿನಲ್ಲಿ ಒಂದೇ ಸಮಮಿತಿಯ ಎಲೆಕ್ಟ್ರಾನಿಕ್ ಸ್ಥಿತಿಗಳ ಶಕ್ತಿರೇಖೆಗಳು ಒಂದನ್ನೊಂದು ದಾಟುವುದಿಲ್ಲವೆಂದು ಓದಿರುವ ನೀವು, ಮೂರನೆಯ ಪರಮಾಣು ಸೇರಿದೊಡನೆ ಆ ನಿಯಮ ಏಕೆ ಮುರಿಯುತ್ತದೆ, ಎರಡು ಮಟ್ಟಗಳು ಶಂಕುಗಳಂತೆ ತುದಿಯಲ್ಲಿ ಕೂಡುವ 'ಕೋನಿಕಲ್ ಇಂಟರ್‌ಸೆಕ್ಷನ್' ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ಶಿವಮೊಗ್ಗದ ಕಾಲೇಜೊಂದರಲ್ಲಿ ಕ್ವಾಂಟಮ್ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದು ಪ್ರತಿವರ್ಷದ ಪ್ರಶ್ನೆ. ನಿಯಮವೇನೂ ಮುರಿಯುವುದಿಲ್ಲ; ಷರತ್ತುಗಳನ್ನು ಎಣಿಸುವಲ್ಲಿ ನಾವು ಎಡವುತ್ತೇವೆ.

ಎರಡೇ ಸ್ಥಿತಿಗಳನ್ನು ತೆಗೆದುಕೊಂಡು ಎರಡು ಅಡ್ಡಸಾಲು, ಎರಡು ಕಂಬಸಾಲುಗಳ ಮಾತೃಕೆಯನ್ನು ಬರೆಯಿರಿ. ಕರ್ಣದಲ್ಲಿ ಅವುಗಳ ಶಕ್ತಿಗಳಿರುತ್ತವೆ, ಕರ್ಣದಾಚೆ ಅವನ್ನು ಬೆಸೆಯುವ ಪದವಿರುತ್ತದೆ. ಅಂತಿಮ ಶಕ್ತಿಗಳು ಸಮನಾಗಬೇಕಾದರೆ ಕರ್ಣದ ಶಕ್ತಿಗಳ ಅಂತರವೂ ಬೆಸೆಯುವ ಪದವೂ ಒಟ್ಟಿಗೇ ಸೊನ್ನೆಯಾಗಬೇಕು. ಎರಡು ಪರಮಾಣುಗಳಿದ್ದಾಗ ನಾವು ಬದಲಿಸಬಹುದಾದದ್ದು ಬಂಧದ ಉದ್ದವೊಂದನ್ನೇ. ಅದೊಂದರಿಂದಲೇ ಎರಡೂ ಷರತ್ತುಗಳು ಈಡೇರುವುದು ಆಕಸ್ಮಿಕವಾದರೆ ಮಾತ್ರ. ಅಡುಗೆ ಉಪ್ಪಿನ ಒಂಟಿ ಅಣುವನ್ನು ಎಳೆಯುತ್ತ ಹೋದರೆ ಅಯಾನುಗಳ ರೇಖೆಯೂ ತಟಸ್ಥ ಪರಮಾಣುಗಳ ರೇಖೆಯೂ ಸುಮಾರು 9.4 ಆಂಗ್‌ಸ್ಟ್ರಾಮ್ ದೂರದಲ್ಲಿ ಸಮೀಪಿಸಿ, ಕೂದಲೆಳೆಯ ಅಂತರ ಉಳಿಸಿಕೊಂಡು ಸರಿದುಹೋಗುವುದು ಇದಕ್ಕಾಗಿಯೇ. 1929ರಲ್ಲಿ ಫಾನ್ ನಾಯ್ಮನ್ ಮತ್ತು ವಿಗ್ನರ್ ಮಾಡಿದ ಈ ಎಣಿಕೆಯನ್ನು ಹೆಚ್ಚು ಪರಮಾಣುಗಳ ಅಣುಗಳಿಗೆ ಅನ್ವಯಿಸಿ, ಅಲ್ಲಿ ಶಕ್ತಿರೇಖೆಗಳ ಬದಲಿಗೆ ಬರುವ ಶಕ್ತಿಯ ಮೇಲ್ಮೈಗಳು ನಿಜವಾಗಿಯೂ ಕೂಡಬಲ್ಲವೆಂದು 1937ರಲ್ಲಿ ಟೆಲ್ಲರ್ ತೋರಿಸಿದರು.

ಮೂರು ಹೈಡ್ರೋಜನ್ ಪರಮಾಣುಗಳನ್ನು ತ್ರಿಕೋನವಾಗಿ ಇಟ್ಟುಕೊಳ್ಳಿ. ಮೂರು ಬಾಹುಗಳ ಉದ್ದಗಳೆಂದರೆ ಮೂರು ಸ್ವಾತಂತ್ರ್ಯಗಳು, ಅಂದರೆ ನಾವು ಬೇರೆಬೇರೆಯಾಗಿ ಬದಲಿಸಬಹುದಾದ ಮೂರು ಅಳತೆಗಳು. ಅವುಗಳಲ್ಲಿ ಎರಡು ಷರತ್ತುಗಳಿಗೆ ಖರ್ಚಾದರೆ ಒಂದು ಉಳಿಯುತ್ತದೆ. ಆ ಉಳಿದದ್ದೇ ತ್ರಿಕೋನದ ಗಾತ್ರ: ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿಯೊಂದು ಸಮಬಾಹು ತ್ರಿಕೋನದಲ್ಲಿಯೂ ಕೆಳಗಿನ ಎರಡು ಸ್ಥಿತಿಗಳ ಶಕ್ತಿ ಒಂದೇ. ಹಾಗಾಗಿ ಇದು ಒಂದು ಬಿಂದುವಲ್ಲ, ಬಿಂದುಗಳು ಸಾಲುಗಟ್ಟಿದ ರೇಖೆ. ಹನ್ನೆರಡು ಪರಮಾಣುಗಳ ಬೆಂಜೀನಿನಲ್ಲಿ 30 ಸ್ವಾತಂತ್ರ್ಯಗಳಿದ್ದು, ಅಲ್ಲಿ ಇಂಥ ಕೂಡುವಿಕೆಗೆ 28 ಆಯಾಮಗಳಿರುತ್ತವೆ.

ತ್ರಿಕೋನವನ್ನು ಸ್ವಲ್ಪ ವಿಕಾರಗೊಳಿಸಿದರೆ, ಯಾವ ದಿಕ್ಕಿನಲ್ಲಿ ಮಾಡಿದರೂ, ಮಟ್ಟಗಳು ವಿಕಾರದ ಪ್ರಮಾಣಕ್ಕೆ ತಕ್ಕಂತೆ ನೇರವಾಗಿ ಬೇರೆಯಾಗುತ್ತವೆ. ಚಿತ್ರ ಬರೆದರೆ ತುದಿಗೆ ತುದಿ ತಾಗಿದ ಎರಡು ಶಂಕುಗಳು. ತರಗತಿಯಲ್ಲಿ ನಾನೊಮ್ಮೆ ಕೂಡಲಿಯ ಸಂಗಮವನ್ನು ಹೋಲಿಕೆ ಕೊಟ್ಟು ಪೆಚ್ಚಾದೆ. 'ಸರ್, ತುಂಗೆ ಭದ್ರೆ ಸೇರಿದ ಮೇಲೆ ಮತ್ತೆ ಬೇರೆಯಾಗುವುದಿಲ್ಲವಲ್ಲ' ಎಂದಳು ಹಿಂದಿನ ಬೆಂಚಿನ ಹುಡುಗಿ. ಅವಳ ಮಾತು ಸರಿ. ಅಂದಿನಿಂದ ಬುಡುಬುಡಿಕೆಯನ್ನು ಹೇಳುತ್ತೇನೆ, ಅದರ ನಡು ಒಂದು ಬಿಂದುವಾಗುವಷ್ಟು ಸಣ್ಣದೆಂದು ಭಾವಿಸಿಕೊಳ್ಳಬೇಕು. ಬೆಳಕು ಹೀರಿದ ಅಣು ಮೇಲಿನ ಶಂಕುವಿನಲ್ಲಿ ಜಾರಿ ನಡುವಿಗೆ ಬಂದರೆ ಕೆಳಗಿನದಕ್ಕೆ ಇಳಿಯಲು ತಡವಾಗುವುದಿಲ್ಲ: ಸ್ಥಿತಿಗಳನ್ನು ಬೆಸೆಯುವ, ಪರಮಾಣುಗಳ ಚಲನೆಯಿಂದ ಬರುವ ಪದದ ಛೇದದಲ್ಲಿ ಶಕ್ತಿಯ ಅಂತರವಿದೆ, ಅದು ಸೊನ್ನೆಯಾದಲ್ಲಿ ಎಲೆಕ್ಟ್ರಾನುಗಳ ಚಲನೆಯನ್ನು ಪರಮಾಣು ಬೀಜಗಳ ಚಲನೆಯಿಂದ ಬೇರ್ಪಡಿಸಿ ನೋಡಬಹುದೆಂದು ಬಾರ್ನ್ ಮತ್ತು ಒಪೆನ್‌ಹೈಮರ್ 1927ರಲ್ಲಿ ಮಾಡಿದ ಅಂದಾಜು ಕೈಕೊಡುತ್ತದೆ. ನಮ್ಮ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ರೊಡಾಪ್ಸಿನ್ ಎಂಬ ಪ್ರೋಟೀನಿನಲ್ಲಿರುವ ರೆಟಿನಲ್ ಅಣು ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಆಕಾರ ಬದಲಿಸುವುದು ಇಂಥದೊಂದು ದಾರಿಯಲ್ಲಿಯೇ.

ನನಗೆ ಅತ್ಯಂತ ಸೊಗಸಾಗಿ ಕಾಣುವುದು ಬೇರೆ ಸಂಗತಿ. ಶಂಕುವಿನ ತುದಿಯನ್ನು ಒಂದು ಸುತ್ತು ಹಾಕಿ ಬಂದರೆ ಶಕ್ತಿ ಮೊದಲಿನಂತೆಯೇ ಇರುತ್ತದೆ, ಎಲೆಕ್ಟ್ರಾನುಗಳ ಸ್ಥಿತಿಯನ್ನು ವಿವರಿಸುವ ತರಂಗಫಲನದ ಚಿಹ್ನೆ (ಧನ ಅಥವಾ ಋಣ) ಮಾತ್ರ ತಿರುಗಿರುತ್ತದೆ. ಏಕೆಂದರೆ ನಾವು 360 ಡಿಗ್ರಿ ಸುತ್ತಿದಾಗ ಸ್ಥಿತಿಗಳ ಮಿಶ್ರಣದ ಕೋನ 180 ಡಿಗ್ರಿಯಷ್ಟೇ ತಿರುಗುತ್ತದೆ. ಹರ್ಜ್‌ಬರ್ಗ್ ಮತ್ತು ಲಾಂಗೆಟ್-ಹಿಗ್ಗಿನ್ಸ್ 1963ರಲ್ಲಿ ಇದನ್ನು ಸ್ಪಷ್ಟಪಡಿಸಿದರು. ಧ್ರುವೀಕೃತ ಬೆಳಕಿನಲ್ಲಿ ಇದೇ ಕುಲದ ಪ್ರಾವಸ್ಥೆಯನ್ನು (ಸುತ್ತು ಹಾಕಿದ್ದರಿಂದ ತರಂಗಕ್ಕೆ ಬರುವ 'ಫೇಸ್' ಬದಲಾವಣೆಯನ್ನು) ಭೌತವಿಜ್ಞಾನಿ ಪಂಚರತ್ನಂ ಅವರು ಬೆಂಗಳೂರಿನಲ್ಲಿ 1956ರಲ್ಲಿಯೇ ಗುರುತಿಸಿದ್ದರು.

ನಿಮ್ಮ ಲೆಕ್ಕಾಚಾರದಲ್ಲಿ ಎರಡು ಮಟ್ಟಗಳು ಕೂಡುತ್ತಿವೆಯೋ ಬರಿದೆ ಹತ್ತಿರ ಬಂದಿವೆಯೋ ಎಂಬ ಅನುಮಾನವಿದ್ದರೆ, ಶಕ್ತಿಯ ಅಂತರವನ್ನೇ ದಿಟ್ಟಿಸುತ್ತ ಕೂರಬೇಡಿ. ಅನುಮಾನದ ಜಾಗದ ಸುತ್ತ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಒಂದು ಸುತ್ತು ಬನ್ನಿ. ಪ್ರೋಗ್ರಾಮು ಚಿಹ್ನೆಯನ್ನು ಮನಬಂದಂತೆ ಕೊಡುವುದರಿಂದ, ಪ್ರತಿ ಹೆಜ್ಜೆಯಲ್ಲಿಯೂ ಹಿಂದಿನ ತರಂಗಫಲನದೊಡನೆ ಅತಿವ್ಯಾಪ್ತಿ ('ಓವರ್‌ಲ್ಯಾಪ್') ಧನಾತ್ಮಕವಾಗುವಂತೆ ಚಿಹ್ನೆ ಹೊಂದಿಸಿಕೊಳ್ಳಿ. ಹೊರಟಲ್ಲಿಗೆ ಮರಳಿದಾಗ ಮೊದಲ ತರಂಗಫಲನದೊಡನೆ ಅತಿವ್ಯಾಪ್ತಿ ಋಣಾತ್ಮಕವಾಗಿ ಬಂದರೆ, ಆ ಸುತ್ತಿನೊಳಗೆ ಒಂದು ಶಂಕುವಿದೆ, ಇಲ್ಲವೇ ಮೂರು, ಐದು. ಸಮಸಂಖ್ಯೆಯಲ್ಲಿದ್ದರೆ ಈ ಪರೀಕ್ಷೆ ಅವನ್ನು ಕಾಣುವುದಿಲ್ಲವಾದ್ದರಿಂದ ಸುತ್ತನ್ನು ಕಿರಿದುಮಾಡಿ ಮತ್ತೊಮ್ಮೆ ನೋಡಿ.